ಕೆರಿಬಿಯನ್ ಕಪ್: ಹೈಟಿಯವರ ‘ಹೋಂ ಮ್ಯಾಚ್’ ಬೇರೆ ದೇಶದಲ್ಲಿ ಯಾಕೆ? ಈ ಸೀಸನ್ ನೋಡೋದು ಹೇಗೆ?

ನೈಟ್‌ಶಿಫ್ಟ್ ನವೀನ

ಎಲ್ಲರಿಗೂ ನಮಸ್ಕಾರ. ನಾನು ಮಾರತ್ತಹಳ್ಳಿ ಕಡೆ ನೈಟ್ ಶಿಫ್ಟ್ ಮಾಡೋನು. ಬೆಳಗಿನ ಜಾವ ಮೂರೂವರೆ ದಾಟಿದ್ರೆ ಕಾಲ್‌ಗಳು ಕಮ್ಮಿ, ಕಣ್ಣು ಎಳೀತಾ ಇರುತ್ತೆ. ತೂಕಡಿಸಬಾರದು ಅಂತ ಒಂದು ಮೂಲೆಯಲ್ಲಿ ಫುಟ್‌ಬಾಲ್ ಸ್ಕೋರು ತೆಗೆದಿಟ್ಕೊಂಡಿರ್ತೀನಿ. ಯುರೋಪಿನ ಮ್ಯಾಚುಗಳು ಅಷ್ಟೊತ್ತಿಗೆ ಮುಗಿದಿರ್ತವೆ. ಹಾಗೆ ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಕೆರಿಬಿಯನ್ ಕಪ್, ಕ್ಲಬ್‌ಗಳದ್ದು.

2025ರ ನವೆಂಬರ್ 19ರ ಬೆಳಿಗ್ಗೆ ಕ್ಯುರಸಾವೊ ಕಿಂಗ್‌ಸ್ಟನ್‌ನಲ್ಲಿ ಜಮೈಕಾ ಎದುರು 0–0 ಹಿಡ್ಕೊಂಡು ವರ್ಲ್ಡ್ ಕಪ್‌ಗೆ ಹೋಯ್ತಲ್ಲ, ಕ್ಯಾಬಲ್ಲಿ ಮನೆಗೆ ಹೋಗ್ತಾ ಅದನ್ನ ನೋಡಿದ್ದೆ. ಒಂದೂವರೆ ಲಕ್ಷ ಚಿಲ್ಲರೆ ಜನ ಇರೋ ದೇಶ! ಪಕ್ಕದಲ್ಲಿ ಕೂತಿದ್ದ ಕಲೀಗ್‌ಗೆ ಹೇಳಿದೆ, ‘ಸಂಜೆ ಮಾರತ್ತಹಳ್ಳಿ ಬ್ರಿಡ್ಜ್ ಕೆಳಗೆ ಅಷ್ಟು ಜನ ಇರ್ತಾರೆ ಮಗಾ’ ಅಂತ. ಅವತ್ತಿಂದ ಹುಚ್ಚು ಜಾಸ್ತಿ ಆಯ್ತು.

ಆದ್ರೆ ಕ್ಲಬ್ ಟೂರ್ನಿಯ ಪಾಯಿಂಟ್ಸ್ ಟೇಬಲ್ ತಲೆಗೆ ಹತ್ತಲ್ಲ. ಒಂದು ತಂಡ 4 ಮ್ಯಾಚ್ ಆಡಿದ್ರೆ ಇನ್ನೊಂದು 3 ಆಡಿರುತ್ತೆ. ಮಳೆ ಬಂದು ಕ್ಯಾನ್ಸಲ್ ಆಯ್ತಾ, ಏನು ಕಥೆ? ಹೈಟಿ ಕ್ಲಬ್ ‘ಹೋಂ’ ಅಂತ ಹಾಕಿರ್ತಾರೆ, ಗ್ರೌಂಡ್ ನೋಡಿದ್ರೆ ಬೇರೆ ದೇಶದ್ದು. ಇನ್ನೊಂದು, ‘ಕೆರಿಬಿಯನ್ ಕಪ್’ ಅಂತ ಹುಡುಕಿದ್ರೆ ಬಾರ್ಬಡೋಸ್‌ನವರು ಬೇಕಂತಲೇ ತಮ್ಮ ಗೋಲಿಗೇ ಹೊಡ್ಕೊಂಡ ವಿಡಿಯೋ ಬರುತ್ತೆ. ಅದೂ ಇದೇ ಟೂರ್ನಿನಾ? ಮುಂದಿನ ಆಗಸ್ಟ್‌ಗೆ ಸರಿಯಾಗಿ ಕೂತು ನೋಡ್ಬೇಕು ಅಂತಿದೀನಿ. ತಿಳಿದವರು ಹೇಳಿ.

ಕಂಠೀರವ ಗ್ಯಾಲರಿ

ಗುರು, ನಮ್ಮೂರ ಫುಟ್‌ಬಾಲೇ ಕುಂಟ್ತಾ ಇದೆ, ನಿಂಗೆ ಹೈಟಿ ಚಿಂತೆನಾ? 🙂 ಬೈತಿಲ್ಲ, 2025ರ ಸೆಪ್ಟೆಂಬರ್ ಬಂದ್ರೂ ನಮ್ಮ ದೇಶದ ಲೀಗ್ ಐಎಸ್‌ಎಲ್ ಶುರುವಾಗದೇ ಇದ್ದಾಗ ನಾನೂ ಏನೇನೋ ನೋಡ್ತಾ ಕೂತಿದ್ದೆ.

ಕ್ಯುರಸಾವೊ ಹೆಸರು ನಂಗೆ 2019ರಿಂದಲೇ ಗೊತ್ತು. ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ನಮಗೆ 3–1 ಬಾರಿಸಿದ್ರು. ನಮ್ಮ ಕಡೆಯಿಂದ ಚೆಟ್ರಿ ಪೆನಾಲ್ಟಿ ಒಂದೇ. ಅವತ್ತು ಎಲ್ಲರೂ ‘ಇದ್ಯಾವ ಊರು, ಇವರ ಹತ್ರಾನೂ ಸೋತ್ರಾ’ ಅಂತ ಆಡ್ಕೊಂಡ್ರು. ಈಗ ಆಡ್ಕೊಳ್ಳೋರು ಎಲ್ಲಿ?

ಇನ್ನು ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಜರ್ಸಿ ಹಾಕಿದ್ದ ಡೆಶಾರ್ನ್ ಬ್ರೌನ್ ನೆನಪಿದಾನಾ? ಜಮೈಕಾದವನು. 2020ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಭೂತಾನಿನ ಪಾರೊ ಎಫ್‌ಸಿಗೆ 9–1 ಹೊಡೆದಾಗ ಅವನದ್ದು ಹ್ಯಾಟ್ರಿಕ್. ನಾನು ಗ್ಯಾಲರಿಯಲ್ಲಿದ್ದೆ, ಆಮೇಲೆ ಆಮೇಲೆ ಗೋಲು ಎಣಿಸೋದು ಬಿಟ್ಟು ಕಡ್ಲೆಕಾಯಿ ತಿಂತಾ ಕೂತಿದ್ವಿ. ಟೂರ್ನಿ ಲೆಕ್ಕ ನಂಗೊತ್ತಿಲ್ಲ, ಎಡಗಾಲು ಅಣ್ಣ ಬರ್ತಾರೆ ಇರು.

ಎಡಗಾಲು

ಬಂದೆ ಬಂದೆ. ನವೀನ್, ಕೂತ್ಕೊಂಡು ಓದಿ, ಸ್ವಲ್ಪ ಉದ್ದ ಆಗುತ್ತೆ.

ನಂಗೆ 61. ಹುಟ್ಟಿ ಬೆಳೆದಿದ್ದು ಆಸ್ಟಿನ್ ಟೌನು. ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಸಾಯಂಕಾಲ ಕಾರ್ಖಾನೆ ಟೀಮಿಗೆ ಲೆಫ್ಟ್ ಬ್ಯಾಕ್. ರಿಟೈರ್ ಆದ್ಮೇಲೆ ನಾಲ್ಕು ಗಂಟೆಗೆಲ್ಲ ಎಚ್ಚರ ಆಗ್ಬಿಡುತ್ತೆ. ಆ ದ್ವೀಪಗಳಲ್ಲಿ ರಾತ್ರಿ ಎಂಟರ ಮ್ಯಾಚು ಟ್ರಿನಿಡಾಡ್‌ನಲ್ಲಾದ್ರೆ ನಮಗೆ ಬೆಳಿಗ್ಗೆ ಐದೂವರೆ, ಜಮೈಕಾದಲ್ಲಾದ್ರೆ ಆರೂವರೆ. ಹಾಲಿನ ಪ್ಯಾಕೆಟ್ ಒಳಗೆ ತರೋಷ್ಟರಲ್ಲಿ ಫಸ್ಟ್ ಹಾಫ್ ಅರ್ಧ ಆಗಿರುತ್ತೆ. ನಿಮ್ಮ ಅತ್ತಿಗೆ ‘ಯಾವ ದೇಶದ್ದೋ ಏನೋ, ವಾಲ್ಯೂಮ್ ತಗ್ಗಿಸಿ’ ಅಂತಾಳೆ. ಇರಲಿ.

ಮೊದಲು ಆ ಸೆಲ್ಫ್ ಗೋಲ್ ವಿಷಯ ಮುಗಿಸ್ತೀನಿ. ಅದು ದೇಶಗಳ ಕೆರಿಬಿಯನ್ ಕಪ್, ಈಗ ಆ ಟೂರ್ನಿ ಇಲ್ಲ. 1994ರ ಕ್ವಾಲಿಫೈಯಿಂಗ್ ಮ್ಯಾಚು, ಬಾರ್ಬಡೋಸ್–ಗ್ರೆನಡಾ. ಬಾರ್ಬಡೋಸ್ ಎರಡು ಗೋಲಿನ ಅಂತರದಲ್ಲಿ ಗೆಲ್ಲಲೇಬೇಕಿತ್ತು. ಎಕ್ಸ್‌ಟ್ರಾ ಟೈಮಲ್ಲಿ ಹೊಡೆದ ಗೋಲ್ಡನ್ ಗೋಲು (ಅದು ಬಿದ್ದ ಕೂಡಲೇ ಮ್ಯಾಚ್ ಮುಗೀತು) ಎರಡು ಗೋಲಿಗೆ ಸಮ ಅಂತ ಯಾರೋ ಪುಣ್ಯಾತ್ಮ ರೂಲ್ ಬರೆದಿದ್ದ. 2–0 ಇದ್ದದ್ದು ಕೊನೇ ಗಳಿಗೆಯಲ್ಲಿ 2–1 ಆಯ್ತು. ಇನ್ನೊಂದು ಹೊಡೆಯೋಕೆ ಹೊತ್ತಿಲ್ಲ, ಸರಿ ಅಂತ ತಮ್ಮ ಗೋಲಿಗೇ ತಾವು ತಳ್ಕೊಂಡು 2–2 ಮಾಡಿ ಎಕ್ಸ್‌ಟ್ರಾ ಟೈಮಿಗೆ ಎಳೆದ್ರು. ಗ್ರೆನಡಾದವರಿಗೆ ಆಟ ಅರ್ಥ ಆಗಿ ಅವರು ಯಾವ ಗೋಲಿಗಾದ್ರೂ ಸರಿ ಹೊಡೆಯೋಣ ಅಂತ ಓಡ್ತಾರೆ, ಬಾರ್ಬಡೋಸ್‌ನವರು ಎರಡೂ ಗೋಲು ಕಾಯ್ತಾರೆ! ಕೊನೆಗೆ ಗೋಲ್ಡನ್ ಗೋಲ್ ಹೊಡೆದು 4–2 ಗೆದ್ರು. ನೋಡಿ ನಗಿ, ಆದ್ರೆ ನೀವು ಕೇಳಿದ ಟೂರ್ನಿ ಅದಲ್ಲ.

ನೀವು ನೋಡ್ತಿರೋದು ಕ್ಲಬ್‌ಗಳದ್ದು. 1997ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, 2023ರಿಂದ ಈ ಹೆಸರು, ಈ ರೂಪ. ಹತ್ತು ಕ್ಲಬ್, ಐದೈದರ ಎರಡು ಗುಂಪು. ಪ್ರತಿ ತಂಡ ತನ್ನ ಗುಂಪಿನ ಉಳಿದ ನಾಲ್ಕರ ಜೊತೆ ಒಂದೊಂದೇ ಸಲ ಆಡೋದು, ಎರಡು ಊರಲ್ಲಿ, ಎರಡು ಹೊರಗೆ. ಗುಂಪಲ್ಲಿ ಐದು ತಂಡ ಇರೋದ್ರಿಂದ ಪ್ರತಿ ಸುತ್ತಿನಲ್ಲಿ ಒಂದು ತಂಡಕ್ಕೆ ರಜೆ. ನಿಮ್ಮ ಟೇಬಲ್ಲಿನ 3 ಮತ್ತು 4ರ ಗುಟ್ಟು ಅಷ್ಟೇ, ಮಳೆ ಗಿಳೆ ಅಲ್ಲ. ಗುಂಪಿನ ಮೊದಲ ಎರಡು ಸೆಮಿಫೈನಲ್‌ಗೆ. ಸೆಮಿಫೈನಲ್, ಫೈನಲ್, ಮೂರನೇ ಸ್ಥಾನ ಎಲ್ಲ ಎರಡೆರಡು ಲೆಗ್, ಅಂದ್ರೆ ಊರಲ್ಲೊಂದು, ಹೊರಗೊಂದು ಮ್ಯಾಚು, ಎರಡರ ಗೋಲೂ ಕೂಡಿಸಿ ಲೆಕ್ಕ. ಮೊದಲ ಮೂವರಿಗೆ ಕಾನ್‌ಕಕಾಫ್ (ಉತ್ತರ, ಮಧ್ಯ ಅಮೆರಿಕ, ಕೆರಿಬಿಯನ್ ಫುಟ್‌ಬಾಲ್ ಒಕ್ಕೂಟ) ಚಾಂಪಿಯನ್ಸ್ ಕಪ್ ಟಿಕೆಟ್. ಕಪ್ ಗೆದ್ದವರಿಗೆ ಮೊದಲ ಸುತ್ತು ಮಾಫಿ, ನೇರ 16ರ ಘಟ್ಟ. 2024ರಲ್ಲಿ ಗೆದ್ದ ಜಮೈಕಾದ ಕ್ಯಾವಲಿಯರ್‌ಗೆ ಅಲ್ಲಿ ಸಿಕ್ಕಿದ್ದು ಇಂಟರ್ ಮಯಾಮಿ. 2025ರ ಮಾರ್ಚಲ್ಲಿ ಮೆಸ್ಸಿ ಕಿಂಗ್‌ಸ್ಟನ್‌ಗೆ ಬಂದು, ಬೆಂಚಿಂದ ಎದ್ದು ಬಂದು ಗೋಲು ಹೊಡೆದು ಹೋದ. ಕ್ಯಾವಲಿಯರ್ ಎರಡೂ ಲೆಗ್ 2–0 ಸೋತರು, ಆದ್ರೂ ಆ ರಾತ್ರಿ ಸ್ಟೇಡಿಯಂ ನೋಡ್ಬೇಕಿತ್ತು ನೀವು.

ಈಗ ನನ್ನ ಅಸಲಿ ಮಾತು. ಈ ಟೂರ್ನಿಯಲ್ಲಿ ಪಾಯಿಂಟ್ಸ್ ಟೇಬಲ್ ನಂಬಬೇಡಿ, ಗ್ರೌಂಡ್ ನೋಡಿ. ನಾಲ್ಕೇ ಮ್ಯಾಚು ತಾನೆ? ಯಾರನ್ನ ನಿಮ್ಮೂರಲ್ಲಿ ಆಡ್ತೀರಿ, ಯಾರ ಊರಿಗೆ ಹೋಗ್ತೀರಿ ಅನ್ನೋದ್ರಲ್ಲೇ ಅರ್ಧ ಹಣೆಬರಹ ಬರೆದಾಗಿರುತ್ತೆ. ಬಲವಾದ ತಂಡಾನ ಊರಲ್ಲೇ ಆಡೋ ಹಾಗೆ ಬಿತ್ತು ಅಂದ್ರೆ ಅದೃಷ್ಟ, ರಿಟರ್ನ್ ಮ್ಯಾಚೇ ಇಲ್ಲ.

ನಾನು ಒಂದು ಹಳೇ ಎಲ್‌ಐಸಿ ಡೈರಿ ಇಟ್ಟಿದೀನಿ. ಅದರಲ್ಲಿ ಮೂರು ಕಾಲಂ: ಸ್ವಂತ ಮನೆ, ಪರಮನೆ, ಬಾಡಿಗೆ ಮನೆ. ಮೂರನೇದು ಹೈಟಿ ಕ್ಲಬ್‌ಗಳಿಗೆ ಅಂತಲೇ ಗೀಟು ಹಾಕಿದ್ದು. ಅಲ್ಲಿ ಗ್ಯಾಂಗುಗಳ ಕಾಟ, ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಮ್ಯಾಚ್ ನಡೆಸೋ ಸ್ಥಿತಿಯಿಲ್ಲ. ಸಿಲ್ವಿಯೊ ಕಾಟೋರ್ ಸ್ಟೇಡಿಯಮ್ಮೇ 2024ರಲ್ಲಿ ಗ್ಯಾಂಗಿನ ಕೈಗೆ ಹೋಯ್ತು. ಹಂಗಾಗಿ ಅವರ ‘ಹೋಂ’ ಅಂದ್ರೆ ಯಾರದೋ ಊರಿನ ಹುಲ್ಲು. ಕ್ಯಾಬಲ್ಲಿ ನೀವು ಕ್ಯುರಸಾವೊ ಮ್ಯಾಚ್ ನೋಡಿದ್ರಲ್ಲ, ಅದೇ ಹೊತ್ತಿಗೆ ಹೈಟಿ ತಂಡ ತನ್ನ ‘ಹೋಂ’ ಮ್ಯಾಚಲ್ಲಿ ನಿಕರಾಗುವಾನ 2–0 ಹೊಡೆದು 1974ರ ನಂತರ ಮೊದಲ ಸಲ ವರ್ಲ್ಡ್ ಕಪ್‌ಗೆ ಹೋಯ್ತು. ಎಲ್ಲಿ ಆಡಿದ್ದು? ಕ್ಯುರಸಾವೊದಲ್ಲಿ! ಓನರು ಕಿಂಗ್‌ಸ್ಟನ್‌ಗೆ ಹೋಗಿದ್ದಾನೆ, ಬಾಡಿಗೆಯವನು ಅವನ ಮನೆಯಲ್ಲಿ ಹಬ್ಬ ಮಾಡ್ತಿದ್ದಾನೆ. ಇಬ್ಬರಿಗೂ ಒಂದೇ ರಾತ್ರಿ ಶುಭ ಕಾರ್ಯ.

ಆ ಮೂರನೇ ಕಾಲಂನಲ್ಲಿ ನಾನು ಕೆಂಪು ಇಂಕಲ್ಲಿ ಬರೆದಿರೋದು ಒಂದೇ ಮ್ಯಾಚು. ಹೈಟಿಯ ವಿಯೊಲೆಟ್ ಕ್ಲಬ್, 2022ರ ಕೆರಿಬಿಯನ್ ಚಾಂಪಿಯನ್ ಆಗಿ ಮೇಲಿನ ಕಾನ್‌ಕಕಾಫ್ ಟೂರ್ನಿಗೆ ಹೋಗಿತ್ತು. 2023ರ ಮಾರ್ಚ್ 7, ಎದುರಿಗೆ ಅಮೆರಿಕದ ಆಸ್ಟಿನ್ ಎಫ್‌ಸಿ. ಹೆಸರು ನೋಡಿ ನಮ್ಮ ಆಸ್ಟಿನ್ ಟೌನ್ ಟೀಮ್ ಅಂತ ನನ್ನ ಮೊಮ್ಮಗ ಕುಣಿದ. ವಿಯೊಲೆಟ್‌ದು ಹೋಂ ಮ್ಯಾಚು, ಗ್ರೌಂಡು ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟಿಯಾಗೊದಲ್ಲಿ. ಹೈಟಿಯಲ್ಲಿ ಲೀಗೇ ನಿಂತು ತಿಂಗಳುಗಟ್ಟಲೆ ಆಗಿತ್ತು, ಹುಡುಗರಿಗೆ ಸರಿಯಾಗಿ ಮ್ಯಾಚ್ ಪ್ರಾಕ್ಟೀಸೇ ಇಲ್ಲ. 3–0 ಹೊಡೆದ್ರು! ಅದರಲ್ಲಿ ಎರಡು ಮಿಶ್-ನೈದೆ ಶೆರಿದು. ಮುಂದಿನ ವಾರ ಅಮೆರಿಕಕ್ಕೆ ಹೋಗ್ಬೇಕು, ಕೆಲವು ಆಟಗಾರರಿಗೆ ವೀಸಾ ಇಲ್ಲ. ಇದ್ದವರನ್ನೇ ಕಟ್ಕೊಂಡು ಹೋಗಿ 2–0 ಸೋತು, ಒಟ್ಟು 3–2ರಲ್ಲಿ ಗೆದ್ದು ಮುಂದಕ್ಕೆ ಹೋದ್ರು. ಆ ಎರಡನೇ ಲೆಗ್ಗಿನ ಕೊನೇ ಇಪ್ಪತ್ತು ನಿಮಿಷ ನಾನು ಕೂತಿರಲಿಲ್ಲ, ಅಡುಗೆಮನೆ ಬಾಗಿಲು ಹಿಡ್ಕೊಂಡು ನಿಂತಿದ್ದೆ. ಬಾಲು ಬಾಕ್ಸ್ ಒಳಗೆ ಬಂದ್ರೆ ನನ್ನ ಎಡಗಾಲು ತಾನಾಗೇ ಕ್ಲಿಯರ್ ಮಾಡೋಕೆ ಏಳ್ತಿತ್ತು. ಮಂಡಿ ನೋವು ಬೇರೆ.

ಯಾಕಿಷ್ಟು ಹಚ್ಕೊಂಡಿದೀನಿ ಅಂದ್ರೆ, ನಮಗೂ ಬಾಡಿಗೆ ಮನೆ ಗೊತ್ತು. ಒಂದು ವರ್ಷ ನಮ್ಮ ಕಾರ್ಖಾನೆ ಗ್ರೌಂಡಲ್ಲಿ ಯಾವುದೋ ವಸ್ತುಪ್ರದರ್ಶನ ಅಂತ ಗುಂಡಿ ತೋಡಿ ಪೆಂಡಾಲ್ ಹಾಕಿದ್ರು. ‘ಹೋಂ’ ಮ್ಯಾಚನ್ನ ಎದುರು ಟೀಮಿನ ಗ್ರೌಂಡಲ್ಲೇ ಆಡಿ ಅಂದ್ರು. ಬಾಲು, ಬೂಟಿನ ಗೋಣಿಚೀಲ ಹೊತ್ಕೊಂಡು ಎರಡು ಬಸ್ ಬದಲಾಯಿಸಿ ಹೋದ್ವಿ. ಕಂಡಕ್ಟರ್ ಚೀಲಕ್ಕೂ ಟಿಕೆಟ್ ಹರಿದ. ಅವರ ಗ್ರೌಂಡಿನ ಎಡ ಮೂಲೆಯಲ್ಲಿ ಒಂದು ತಗ್ಗು ಇತ್ತು, ಅವರ ವಿಂಗರ್‌ಗೆ ಅದು ಕಣ್ಣು ಮುಚ್ಚಿದ್ರೂ ಗೊತ್ತು, ನಂಗೆ ಕಾಲು ಹೊರಳಿದ ಮೇಲೆ ಗೊತ್ತಾಯ್ತು. ಅಲ್ಲಿಂದಲೇ ಕ್ರಾಸ್, ಗೋಲು, 1–0. ಹೋಂ ಟೀಮ್ ಅಂತ ಟೀ ಬನ್ನು ಖರ್ಚು ಮಾತ್ರ ನಮ್ಮದು!

ಟ್ರಿನಿಡಾಡಿನ ಡಿಫೆನ್ಸ್ ಫೋರ್ಸ್ ಹೆಸರು ಕಂಡ್ರೆ ಬಿಡಬೇಡಿ. ಸೈನ್ಯದ ತಂಡ, ನಮ್ಮ ಎಂಇಜಿ, ಎಎಸ್‌ಸಿ ಇದ್ದ ಹಾಗೆ. 1985ರಲ್ಲಿ ಇಡೀ ಕಾನ್‌ಕಕಾಫ್ ಚಾಂಪಿಯನ್ ಆಗಿದ್ದವರು. ಅದರ ಹಿಂದಿನ ವರ್ಷ ಗೆದ್ದಿದ್ದು ಇದೇ ವಿಯೊಲೆಟ್. 1997ರಲ್ಲಿ ಈ ಕೆರಿಬಿಯನ್ ಕ್ಲಬ್ ಟೂರ್ನಿ ಮೊದಲು ಗೆದ್ದ ಯುನೈಟೆಡ್ ಪೆಟ್ರೋಟ್ರಿನ್ ಕೂಡ ಎಣ್ಣೆ ಕಂಪನಿ ಟೀಮೇ. ಕಾರ್ಖಾನೆ ಟೀಮು, ಸೈನ್ಯದ ಟೀಮು ಅಂದ್ರೆ ಈಗಿನ ಹುಡುಗರಿಗೆ ತಮಾಷೆ. ಮೆಗ್ರಾತ್ ರೋಡ್ ಸ್ಟೇಡಿಯಂ ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತು ಅದು.

ಬೋರ್ಡಿಂಗ್ ಪಾಸ್

ಎಡಗಾಲು ಸರ್, ನಿಮ್ಮ ಮೂರು ಕಾಲಂ ಪಕ್ಕ ನಂದೊಂದು ಸೇರಿಸ್ತೀನಿ, ‘ದಾರಿ’ ಅಂತ. ನಾನು ರೆಸಿಡೆನ್ಸಿ ರೋಡಲ್ಲಿ ಟ್ರಾವೆಲ್ ಡೆಸ್ಕಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡ್ತಿದೀನಿ. ಫುಟ್‌ಬಾಲ್ ಅಷ್ಟಕ್ಕಷ್ಟೆ, ನಮ್ಮ ಯಜಮಾನ್ರು ನೋಡ್ತಾರೆ.

ಮ್ಯಾಪಲ್ಲಿ ಆ ದ್ವೀಪಗಳು ಪಕ್ಕಪಕ್ಕ ಕಾಣುತ್ವೆ. ಟಿಕೆಟ್ ಮಾಡೋಕೆ ಕೂತ್ರೆ ಗೊತ್ತಾಗೋದು. ಎಷ್ಟೋ ಕಡೆ ಒಂದು ದ್ವೀಪದಿಂದ ಇನ್ನೊಂದಕ್ಕೆ ನೇರ ವಿಮಾನ ಇರಲ್ಲ, ಮಯಾಮಿಗೋ ಪನಾಮಾಗೋ ಹೋಗಿ ಸುತ್ತಾಕಬೇಕು. ಮಯಾಮಿ ಅಂದ್ರೆ ಬರೀ ವಿಮಾನ ಬದಲಾಯಿಸೋಕೂ ಅಮೆರಿಕದ ವೀಸಾ ಬೇಕು, ಏರ್‌ಪೋರ್ಟ್ ಒಳಗೇ ಇರ್ತೀನಿ ಅಂದ್ರೂ ಬಿಡಲ್ಲ. ಹೈಟಿ ಪಾಸ್‌ಪೋರ್ಟಿಗೆ ಅದು ಎಷ್ಟು ಸುಲಭ ಅಂತ ನೀವೇ ಊಹಿಸ್ಕೊಳ್ಳಿ. ಮೊದಲು ಆಂಟಿಗಾದಲ್ಲಿ ಲಿಯಾಟ್ ಅಂತ ಒಂದು ವಿಮಾನ ಸಂಸ್ಥೆ ಇತ್ತು, ಚಿಕ್ಕ ದ್ವೀಪಗಳನ್ನೆಲ್ಲ ಹೊಲಿಗೆ ಹಾಕಿದ ಹಾಗೆ ಓಡಾಡ್ತಿತ್ತು. ತಡ ಆಗೋದಕ್ಕೆ ಹೆಸರುವಾಸಿ, ಅಲ್ಲಿನ ಜನ ಆ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ ‘ಯಾವಾಗ ಬೇಕಾದ್ರೂ ದ್ವೀಪ ಬಿಡುತ್ತೆ’ ಅಂತ ಅರ್ಥ ಕಟ್ಟಿದ್ರು. 2020ರಲ್ಲಿ ಅದೂ ಮುಳುಗಿತು. ಆಮೇಲೆ ಹೊಸ ರೂಪದಲ್ಲಿ ಮತ್ತೆ ಹಾರಿದೆ.

2023ರಲ್ಲಿ ಈ ಕಪ್ ಗೆದ್ದ ರಾಬಿನ್‌ಹುಡ್ ಸುರಿನಾಮಿನದ್ದು ಅಂತ ಯಜಮಾನ್ರು ಹೇಳಿದ್ರು. ಒಬ್ಬ ಕಸ್ಟಮರ್‌ಗೆ ಬೆಂಗಳೂರಿಂದ ಪರಮಾರಿಬೊಗೆ ಟಿಕೆಟ್ ಮಾಡಿಕೊಟ್ಟಿದೀನಿ, ಆಮ್‌ಸ್ಟರ್‌ಡ್ಯಾಮ್ ಮೇಲಿಂದ. ಅವರು ವಾಪಸ್ ಬಂದು ಹೇಳಿದ್ದು, ‘ಅಲ್ಲಿ ಅಂಗಡಿಯಲ್ಲಿ ರೋಟಿ ಕೇಳಿದ್ರೆ ರೋಟಿನೇ ಕೊಡ್ತಾರೆ ಮೇಡಂ!’ 1873ರಿಂದ ಕೂಲಿಗೆ ಅಂತ ಹಡಗಲ್ಲಿ ಹೋದ ನಮ್ಮ ದೇಶದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರಲ್ಲ. ದೇಶ ಇರೋದು ದಕ್ಷಿಣ ಅಮೆರಿಕದಲ್ಲಿ, ಫುಟ್‌ಬಾಲ್ ಆಡೋದು ಕೆರಿಬಿಯನ್ ಜೊತೆ. ಅದಕ್ಕೂ ಬಾಡಿಗೆ ಮನೆ ಕಾಲಮ್ಮೇನಾ ಸರ್?

ಎಡಗಾಲು

ಇಲ್ಲಮ್ಮ, ಅದು ಅಳಿಯತನಕ್ಕೆ ಹೋದ ಹಾಗೆ. ಸ್ವಂತ ಗ್ರೌಂಡಲ್ಲೇ ಆಡ್ತಾರೆ, ಸ್ವಂತ ಮನೆ ಕಾಲಂ. ದಾರಿ ಕಾಲಂ ಮಾತ್ರ ಭೇಷ್, ಈ ಸಲ ಗೀಟು ಹಾಕ್ತೀನಿ.

ನವೀನ್, ಒಂದು ಬಿಟ್ಟೋಯ್ತು. ಟೂರ್ನಿ ನಡೆಯೋದು ಆಗಸ್ಟಿಂದ ಡಿಸೆಂಬರ್, ಅದರಲ್ಲಿ ನವೆಂಬರ್ ಕೊನೆವರೆಗೂ ಅಲ್ಲಿ ಚಂಡಮಾರುತದ ಕಾಲ. 2025ರ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಚಂಡಮಾರುತ ಜಮೈಕಾಗೆ ಬಡೀತು, ಐದನೇ ಕೆಟಗರಿ, ಪಶ್ಚಿಮ ಭಾಗದಲ್ಲಿ ಮನೆಗಳ ಸೂರೇ ಉಳಿದಿರಲಿಲ್ಲ. ಅದೇ ಸೀಸನ್‌ನಲ್ಲಿ ಜಮೈಕಾದ ಮೌಂಟ್ ಪ್ಲೆಸೆಂಟ್ ಕಪ್ ಎತ್ತಿತು. ಕೋಚ್ ಥಿಯೊಡೋರ್ ವಿಟ್‌ಮೋರ್, 1998ರ ವರ್ಲ್ಡ್ ಕಪ್‌ನಲ್ಲಿ ಜಪಾನ್ ಎದುರು ಜಮೈಕಾದ ಎರಡೂ ಗೋಲು ಹೊಡೆದವನು. ಅವತ್ತು ನಮ್ಮ ಏರಿಯಾದಲ್ಲಿ ಕರೆಂಟ್ ಹೋಗಿ ಎರಡನೇ ಗೋಲು ನೋಡೋಕಾಗಲಿಲ್ಲ, ಆ ಸಿಟ್ಟು ಇನ್ನೂ ಇದೆ.

ನೈಟ್‌ಶಿಫ್ಟ್ ನವೀನ

ಸರ್, ಮೇಡಂ, ತುಂಬಾ ಥ್ಯಾಂಕ್ಸ್. ಇವತ್ತು ಬ್ರೇಕಲ್ಲಿ ಕೂತು 2025ರ ಗುಂಪುಗಳ ಫಲಿತಾಂಶ ತೆಗೆದು ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಮಾಡಿದೆ. ಸರ್ ಹೇಳಿದ ಹಾಗೆ ರಜೆ ವಾರ ಬಿಡಿಸಿ ನೋಡಿದ್ರೆ ಟೇಬಲ್ ಬೇರೆನೇ ಕಾಣುತ್ತೆ. ‘ಬಾಡಿಗೆ ಮನೆ’ ಅಂತ ಹೆಡಿಂಗ್ ಹಾಕಿದ್ದು ನೋಡಿ ಟೀಮ್ ಲೀಡ್ ಬಂದು ‘ಮನೆ ಹುಡುಕ್ತಿದೀಯಾ, ನಮ್ಮ ಬಿಲ್ಡಿಂಗಲ್ಲಿ ಟೂ ಬಿಎಚ್‌ಕೆ ಖಾಲಿ ಇದೆ, ಹತ್ತು ತಿಂಗಳ ಅಡ್ವಾನ್ಸ್’ ಅಂದ್ರು.

ಕಂಠೀರವ ಗ್ಯಾಲರಿ

ತಗೋ ಗುರು, ಇಲ್ಲಾಂದ್ರೆ ವಿಯೊಲೆಟ್‌ನವರಿಗೆ ಹೇಳು.