ಹಳೇ ಡೀಸೆಲ್ ಪಿಕಪ್: ಮೇಲೆ ಟಿಕ್ ಟಿಕ್, ಲೋಡಲ್ಲಿ ಟಣ್ ಟಣ್. ಇಂಜಿನ್ ಇಳಿಸ್ಲೇಬೇಕಾ?

ಟೊಮೇಟೊ_ಲೋಡ್:
ಅಣ್ಣಂದಿರೇ ಸ್ವಲ್ಪ ಹೇಳಿ. ನಮ್ದು 2008ರ ಪಿಕಪ್, 4 ಸಿಲಿಂಡರ್, ಹಳೇ ಮೆಕ್ಯಾನಿಕಲ್ ಪಂಪ್, ಕಾಮನ್ ರೈಲ್ (ಹೊಸ ಗಾಡಿಗಳ ಹೈ ಪ್ರೆಶರ್ ಡೀಸೆಲ್ ಸಿಸ್ಟಮ್) ಅಲ್ಲ. ಮುಳಬಾಗಿಲು ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೇಟೊ ಹೊಡೀತೀವಿ. ಒಂದು ತಿಂಗ್ಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಹೊಲಿಗೆ ಮಿಷನ್ ಥರ ಟಿಕ್ ಟಿಕ್ ಅಂತಿತ್ತು, ಬಿಸಿ ಆದ್ಮೇಲೆ ಕಮ್ಮಿ ಆಗ್ತಿತ್ತು ಅಂತ ನಾನೂ ಸುಮ್ನಿದ್ದೆ. ಹೋದ ವಾರ 80 ಕ್ರೇಟ್ ಹಾಕ್ಕೊಂಡು ಏರು ಹತ್ತಿಸ್ತಾ ಇದ್ದಾಗ ಒಳಗಡೆ ಯಾರೋ ಸುತ್ತಿಗೇಲಿ ಬಡಿದಂಗೆ ಟಣ್ ಟಣ್ ಶುರುವಾಯ್ತು, ರೇಸ್ ಬಿಟ್ರೆ ಕಮ್ಮಿ, ಕೊಟ್ರೆ ಜಾಸ್ತಿ. ನಮ್ಮ ಮೇಸ್ತ್ರಿ ಬಾನೆಟ್ ಎತ್ತಿ ಎರಡು ನಿಮಿಷ ಕೇಳಿ "ಬಿಗ್ ಎಂಡ್ ಹೋಗಿದೆ, ಇಂಜಿನ್ ಇಳಿಸಿ ಕ್ರ್ಯಾಂಕ್ ಲೇತ್‌ಗೆ ಕಳಿಸ್ಬೇಕು" ಅಂದ್ಬಿಟ್ರು (ಬಿಗ್ ಎಂಡ್ ಅಂದ್ರೆ ಪಿಸ್ಟನ್ನಿನ ಕಾನ್ ರಾಡ್ ಕೆಳಗೆ ಕ್ರ್ಯಾಂಕ್‌ಗೆ ಸೇರೋ ಕಡೆ ಬೇರಿಂಗ್). ಆಯಿಲ್ ಲೈಟ್ ಬಂದಿಲ್ಲ. ಸೀಸನ್ ಟೈಮಲ್ಲಿ ಗಾಡಿ ನಿಲ್ಸಿದ್ರೆ ನಮ್ ಕಥೆ ಮುಗೀತು. ಏನ್ ಮಾಡ್ಲಿ?

ಸುಮ್ನೆ_ಬಂದೋನು:
ಗುರು ಅರ್ಧ ಲೀಟರ್ ಗೇರ್ ಆಯಿಲ್ ಹಾಕು, ಸೌಂಡ್ ಮಾಯ 😄

ಪಾನ_ನಂ_13:
ಮೇಲಿನ್ ಮಾತು ಕೇಳ್ಬೇಡಿ, ಅದು ಗಾಡಿ ಮಾರೋರು ಮಾಡೋ ಕೆಲ್ಸ. ಆಯಿಲ್ ಗಟ್ಟಿ ಆಗಿ ನಾಲ್ಕು ದಿನ ಸೌಂಡ್ ಮುಚ್ಕೊಳ್ತದೆ, ಆಮೇಲೆ ತಗೊಂಡೋನು ಅಳ್ತಾನೆ.

ಇಲ್ಲಿ ಎರಡು ಸೌಂಡ್ ಇದೆ, ಎರಡನ್ನೂ ಒಂದೇ ಕಾಯಿಲೆ ಅಂದ್ಕೊಂಡ್ರೆ ದುಡ್ಡು ಹಾಳು. ಮೊದ್ಲು ಟಿಕ್ ನೋಡಿ. ಉದ್ದ ಸ್ಕ್ರೂ ಡ್ರೈವರ್ ತಗೊಂಡು ತುದಿ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ, ವಾಲ್ವ್ ತಳ್ಳೋ ಟ್ಯಾಪೆಟ್ ಅದ್ರ ಕೆಳ್ಗೆ) ಮೇಲಿಟ್ಟು ಹಿಡಿ ಕಿವಿಗೆ ಒತ್ಕೊಳ್ಳಿ (ಫ್ಯಾನ್ ಬೆಲ್ಟ್ ಹತ್ರ ಟವೆಲ್, ಗಿವೆಲ್ ನೇತಾಡ್ತಾ ಇರ್ಬಾರ್ದು). ಕ್ರ್ಯಾಂಕ್ ಎರಡು ಸುತ್ತು ಹಾಕಿದ್ರೆ ವಾಲ್ವ್ ಆಡಿಸೋ ಕ್ಯಾಮ್ ಶಾಫ್ಟ್ ಒಂದೇ ಸುತ್ತು, ಅದಕ್ಕೇ ಟ್ಯಾಪೆಟ್ ಸೌಂಡ್ ಇಂಜಿನ್ ಸ್ಪೀಡಿಗಿಂತ ನಿಧಾನ ಕೇಳ್ಸುತ್ತೆ. ಟ್ಯಾಪೆಟ್ಟೇ ಆಗಿದ್ರೆ ಗಾಡಿ ತಣ್ಣಗಿದ್ದಾಗ ಮ್ಯಾನ್ಯುಯಲ್ಲಲ್ಲಿರೋ ಗ್ಯಾಪ್‌ಗೆ ಫೀಲರ್ ಗೇಜ್ ಹಾಕಿ ಸೆಟ್ ಮಾಡ್ಸಿ. ಸೌಂಡ್ ನಿಲ್ಲಿಸ್ಬೇಕು ಅಂತ ಟೈಟ್ ಮಾಡಿಸ್ಬೇಡಿ, ಟೈಟ್ ಆದ್ರೆ ವಾಲ್ವ್ ಸುಟ್ಟೋಗ್ತದೆ, ಸ್ವಲ್ಪ ಟಿಕ್ ಅಂದ್ರೂ ಪರವಾಗಿಲ್ಲ. ಆದ್ರೆ ನಿಮ್ದು ಬಿಸಿ ಆದ್ಮೇಲೆ ಕಮ್ಮಿ ಅಂತೀರಲ್ಲ, ನಂಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ ಹೆಡ್‌ನಿಂದ ಹೊಗೆ ಆಚೆ ಒಯ್ಯೋ ಕಬ್ಣದ ಪೈಪ್) ಮೇಲೇ ಡೌಟು. ಗ್ಯಾಸ್ಕೆಟ್ ಲೀಕ್ ಆದ್ರೆ ತಣ್ಣಗಿದ್ದಾಗ ಟಿಕ್ ಟಿಕ್, ಕಬ್ಣ ಬಿಸಿಯಾಗಿ ಹಿಗ್ಗಿದ್ರೆ ಮುಚ್ಕೊಳ್ತದೆ. ಹೆಡ್ ಸೇರೋ ಜಾಗದಲ್ಲಿ ಕಪ್ಪು ಮಸಿ ಹಿಡ್ದಿರುತ್ತೆ, ಟಾರ್ಚ್ ಬಿಟ್ಟು ನೋಡಿ.

ಇನ್ನು ಟಣ್ ಟಣ್. ಐಡ್ಲಲ್ಲಿ ಇಟ್ಟು ಒಂದೊಂದೇ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಉಗಿಯೋದು) ಪೈಪ್ ನಟ್ ಸಡಿಲ ಮಾಡಿ ನೋಡಿ, ಯಾವ್ದು ಬಿಚ್ಚಿದಾಗ ಸೌಂಡ್ ಹೋಗುತ್ತೋ ಆ ಸಿಲಿಂಡರಲ್ಲೇ ತೊಂದ್ರೆ. ಬಟ್ಟೆ ಸುತ್ಕೊಂಡು ಮಾಡಿ, ಚಿಮ್ಮೋ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ಓದ್ತಿರೋ ಬೇರೆಯೋರು: ಕಾಮನ್ ರೈಲ್ ಗಾಡೀಲಿ ಈ ಸಾಹಸ ಬೇಡ್ವೇ ಬೇಡ, ಅದ್ರಲ್ಲಿ 1000 ಬಾರ್ ದಾಟಿ ಪ್ರೆಶರ್ ಇರುತ್ತೆ.

ಘಾಟಿ_ಡ್ರೈವರ್:
ಎಲ್ಲಾ ಸರಿ 13ರಣ್ಣ, ಒಂದು ಬಿಟ್ರಿ. ಬಿಗ್ ಎಂಡ್ ಬೇರಿಂಗ್ ಹೋಗಿದ್ರೂ ಪೈಪ್ ಬಿಚ್ಚಿದ್ರೆ ಸೌಂಡ್ ಕಮ್ಮಿ ಆಗುತ್ತೆ, ಪಿಸ್ಟನ್ ಮೇಲೆ ಒತ್ತಡ ಇಲ್ವಲ್ಲ. ನಾಝಲ್ (ಇಂಜೆಕ್ಟರ್ ತುದಿ) ಕೆಟ್ಟು ಡೀಸೆಲ್ ತೊಟ್ಟಿಕ್ತಿದ್ರೂ ಅಷ್ಟೇ. ಹಂಗಾಗಿ ಆ ಟೆಸ್ಟ್ ಸಿಲಿಂಡರ್ ಯಾವ್ದು ಅಂತ ಹೇಳ್ತದೆ, ಕಾಯಿಲೆ ಯಾವ್ದು ಅಂತ ಹೇಳಲ್ಲ. ಆ ಸಿಲಿಂಡರಿನ ಇಂಜೆಕ್ಟರ್ ತೆಗ್ದು ಪಕ್ಕದ್ರ ಜೊತೆ ಅದ್ಲು ಬದ್ಲು ಮಾಡಿ, ತಾಮ್ರದ ವಾಷರ್ ಹೊಸ್ದು ಹಾಕಿ. ಸೌಂಡೂ ಜೊತೇಲೇ ಹೋಯ್ತಾ, ನಾಝಲ್. ಅಲ್ಲೇ ಉಳೀತಾ, ಆಗ ಮೇಸ್ತ್ರಿ ಮಾತು ನಿಜ ಇರ್ಬೋದು, ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ಬೇರಿಂಗ್ ಶೆಲ್ ನೋಡಿಸ್ಬೇಕು. ಗಾಡಿ ಚೆನ್ನಾಗಿ ಬಿಸಿ ಆದ್ಮೇಲೆ ಗೇಜ್ ಹಾಕಿ ಆಯಿಲ್ ಪ್ರೆಶರ್ರೂ ನೋಡಿಸಿ, ಲೈಟ್ ನಂಬ್ಕೋಬೇಡಿ, ಅದು ಉರಿಯೋ ಹೊತ್ತಿಗೆ ಕೈ ಮೀರಿರುತ್ತೆ. ಹಳೇ ಆಯಿಲ್ ಬಿಳೀ ತಟ್ಟೇಲಿ ಹಿಡಿದು ಬಿಸಿಲಿಗೆ ಓರೆ ಮಾಡಿ, ಮಿಣಮಿಣ ಅಂದ್ರೆ ಗಾಡಿ ನಿಲ್ಲಿಸಿ. ಮ್ಯಾಗ್ನೆಟ್‌ಗೆ ಅಂಟ್ಲಿಲ್ಲ ಅಂತ ಖುಷಿ ಪಡ್ಬೇಡಿ, ಬೇರಿಂಗ್ ಶೆಲ್ಲಿನ ಪುಡಿ ಮ್ಯಾಗ್ನೆಟ್‌ಗೆ ಅಂಟೋದೇ ಇಲ್ಲ. ಇದೆಲ್ಲಾ ಗೊತ್ತಾಗೋವರ್ಗೂ ಲೋಡ್ ಹಾಕ್ಬೇಡಿ, ಕಾನ್ ರಾಡ್ ಬ್ಲಾಕ್ ಒಡ್ಕೊಂಡು ಆಚೆ ಬಂದಿದ್ದು ನಾನು ಕಣ್ಣಾರೆ ನೋಡಿದೀನಿ.

ಪಾನ_ನಂ_13:
ಹೌದು, ಒಪ್ದೆ. ಅದು ಬರೀಬೇಕಿತ್ತು.

ಟೊಮೇಟೊ_ಲೋಡ್:
ಅಣ್ಣಂದಿರೇ ಅಪ್ಡೇಟ್. ನಾಲ್ಕು ದಿನ ಭಾವನ ಗಾಡೀಲಿ ಲೋಡ್ ಕಳ್ಸಿದೆ. 3ನೇ ಪೈಪ್ ಬಿಚ್ಚಿದಾಗ ಟಣ್ ಟಣ್ ನಿಲ್ತು, ಎದೆ ಧಸಕ್ ಅಂತು. 3ನೇದು 2ಕ್ಕೆ, 2ನೇದು 3ಕ್ಕೆ ಹಾಕಿದ್ವಿ, ಈಗ 2ನೇ ಪೈಪ್ ಬಿಚ್ಚಿದ್ರೆ ಸೌಂಡ್ ನಿಲ್ಲುತ್ತೆ! ಪಂಪ್ ಅಂಗಡೀಲಿ ಬೆಂಚ್ ಮೇಲೆ ಹಾಕಿ ತೋರಿಸಿದ್ರು, ಬೇರೆ ಮೂರು ಮಂಜಿನ ಥರ ಉಗೀತವೆ, ಇದು ಮಾತ್ರ ಮಗು ಉಚ್ಚೆ ಹೊಯ್ದಂಗೆ ಒಂದೇ ಗೆರೆ, ತುದೀಲಿ ತೊಟ್ಟು ಬೇರೆ. ನಾಲ್ಕಕ್ಕೂ ನಾಝಲ್ ಹೊಸ್ದು ಹಾಕಿಸ್ದೆ. ಆಯಿಲ್‌ನಲ್ಲಿ ಮಿಣಮಿಣ ಇಲ್ಲ, ಪ್ರೆಶರ್ ಮ್ಯಾನ್ಯುಯಲ್ಲಲ್ಲಿ ಇರೋ ಲೆಕ್ಕಕ್ಕೆ ಸರಿಯಾಗಿದೆ. ನಿನ್ನೆ 60 ಕ್ರೇಟ್ ಹಾಕಿ ಅದೇ ಏರು ಹತ್ತಿಸ್ದೆ, ರೇಡಿಯೋ ಆಫ್ ಮಾಡಿ ಕಿವಿಗೊಟ್ಟು ಕೇಳ್ದೆ, ಏನಿಲ್ಲ.

ಟಿಕ್ ಟಿಕ್ ಇನ್ನೂ ಇದೆ. ಮಸಿ ಹಿಡ್ದಿರೋದು ಹಿಂದಿನ್ ಮೂಲೇಲಿ, ಅಲ್ಲಿ ಮ್ಯಾನಿಫೋಲ್ಡ್ ಹಿಡಿಯೋ ಸ್ಟಡ್ (ತಲೆ ಇಲ್ದಿರೋ ಬೋಲ್ಟ್) ಒಂದು ತುಂಡಾಗಿ ಹೆಡ್ ಒಳಗೇ ಕೂತಿದೆ. ಮೇಸ್ತ್ರಿ ಡ್ರಿಲ್ ಹೊಡ್ದು ತೆಗೀತೀನಿ ಅಂತಿದ್ದಾರೆ, ಸ್ಟಡ್ ಮೇಲೆ ನಟ್ ವೆಲ್ಡ್ ಮಾಡಿ ತಿರುಗಿಸಿದ್ರೆ ಬರಲ್ವಾ?

ಘಾಟಿ_ಡ್ರೈವರ್:
ವೆಲ್ಡಿಂಗೇ ಮೊದ್ಲು ಟ್ರೈ ಮಾಡಿಸಿ. ಬ್ಯಾಟರಿ ವೈರ್ ಬಿಚ್ಚಿಟ್ಟು.