ಅನಿಮೋನ್ ‘ಬಾಡಿದೆ’ ಎನ್ನಬಹುದೇ?

ನಮಸ್ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗಾಗಿ ಒಂದು ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಹೊಸದಾಗಿ ತಂದ ಕಡಲ ಅನಿಮೋನ್ ಆರೋಗ್ಯವಾಗಿದೆಯೇ ಎಂದು ನೋಡಿ ತಿಳಿಯುವುದು ಹೇಗೆ ಎಂಬುದು ವಿಷಯ. ನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿಯ ಆಸುಪಾಸು ಎಂಬುದೆಲ್ಲ ಅಂಕಿಯಲ್ಲೇ ಮುಗಿಯುತ್ತದೆ. ಕಣ್ಣಿಗೆ ಕಾಣುವ ಲಕ್ಷಣಗಳಿಗೆ ಸರಿಯಾದ ಕ್ರಿಯಾಪದ ಬೇಕು.

ತೊಟ್ಟಿಗೆ ಬಿಟ್ಟ ಅನಿಮೋನ್ ಗಾಳಿ ಹೋದ ಬಲೂನಿನಂತೆ ಕುಸಿದರೆ ಇಲ್ಲಿ ‘ಬಾಡಿತು’ ಎನ್ನುತ್ತಾರೆ. ನೋಡಲು ಹೂವಿನಂತಿರುವುದರಿಂದ ಆ ಮಾತು ಸಹಜ. ಆದರೆ ಅದು ಪ್ರಾಣಿ. ತಿನ್ನುವುದಕ್ಕೂ ಕಸ ಹೊರಹಾಕುವುದಕ್ಕೂ ಅದಕ್ಕೆ ಇರುವುದು ಒಂದೇ ಬಾಯಿ. ಒಳಗಿನ ನೀರನ್ನು ಕಸದ ಸಮೇತ ಹೊರಚೆಲ್ಲಿದಾಗ ಮೈ ಕುಗ್ಗುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ‘ಬಾಡಿತು’ ಎಂದು ಕೇಳಿದವರು ಗಾಬರಿಯಿಂದ ಅದನ್ನು ಕಲ್ಲಿನಿಂದ ಕೀಳಲು ಹೋಗುತ್ತಾರೆ. ಪಾದ ಹರಿದು ಕೊಳೆಯತೊಡಗಿದರೆ ಚೆನ್ನಾಗಿದ್ದ ಜೀವವೂ ಉಳಿಯುವುದು ಕಷ್ಟ. ‘ಮುದುಡು’ ಎಂದರೆ ಈ ಅಪಾಯವಿಲ್ಲ. ಮುದುಡಿದ್ದು ಅರಳೀತು ಎಂಬ ಭರವಸೆ ಆ ಪದದಲ್ಲಿದೆ. ದಿನಗಟ್ಟಲೆ ಮುದುಡಿಯೇ ಇದ್ದರೆ ಮಾತ್ರ ‘ಸೊರಗಿದೆ’ ಎಂದು ಬರೆಯುವವನಿದ್ದೇನೆ.

‘ಬಿಳಿ’ ಮತ್ತು ‘ಬಿಳಿಚಿದ’ ಎಂಬುವುಗಳ ವಿಷಯದಲ್ಲಂತೂ ನಾನು ಪಟ್ಟು ಸಡಿಲಿಸಲಾರೆ. ಅನಿಮೋನಿನ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲೊಂದು ಪಾಲನ್ನು ಆಶ್ರಯ ಕೊಟ್ಟ ಜೀವಿಗೆ ಕೊಡುತ್ತವೆ. ಮೈಯ ಕಂದು ಛಾಯೆ ಅವುಗಳದೇ. ಸಾಗಣೆಯ ಬಳಲಿಕೆ, ಕತ್ತಲೆ, ನೀರಿನ ಬಿಸಿ ಇವುಗಳಿಂದ ಪಾಚಿ ನಷ್ಟವಾದರೆ ಮೈ ಹಾಲುಬಿಳುಪಾಗುತ್ತದೆ. ಅಂಥದ್ದನ್ನು ‘ಬಿಳಿ ಜಾತಿ’ ಎಂದು ಮಾರುವುದುಂಟು, ಚೆಂದವೆಂದು ಕೊಳ್ಳುವುದೂ ಉಂಟು. ಮುಖ ಬಿಳಿಚಿಕೊಂಡಿತು ಎಂದಾಗ ಕಾಯಿಲೆಯೋ ಭಯವೋ ಇದೆಯೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಬಿಳಿಚಿದ ಅನಿಮೋನ್’ ಎಂದು ಬರೆದರೆ ಕೊಳ್ಳುವವರು ಎರಡು ಸಲ ಯೋಚಿಸುತ್ತಾರೆ. ಬಿಳಿಚಿದ್ದೆಲ್ಲ ಸಾಯುವುದಿಲ್ಲ, ಹದವಾದ ಬೆಳಕು, ಏರುಪೇರಿಲ್ಲದ ನೀರು, ಆಗಾಗ ಸಿಗಡಿಯ ಸಣ್ಣ ಚೂರು ಸಿಕ್ಕರೆ ಕೆಲವು ತಿಂಗಳಲ್ಲಿ ಬಣ್ಣ ಮರಳಬಹುದು.

ಬಾಯಿ ಬಿಗಿಯಾಗಿ ಮುಚ್ಚಿರುವುದು ಒಳ್ಳೆಯ ಲಕ್ಷಣ. ‘ತೆರೆದಿದೆ’ ಎಂದರೆ ತಿನ್ನಲು ತೆರೆದದ್ದೂ ಆಗುತ್ತದೆ. ಸಡಿಲಾಗಿ ಹಾಗೆಯೇ ಉಳಿದರೆ ‘ಬಾಯಿ ಬಿಟ್ಟುಕೊಂಡಿದೆ’ ಎನ್ನುವುದೇ ಸರಿ. ಬಾಯಿ ಬಿಟ್ಟುಕೊಂಡು, ಮೈ ಕರಗಿ ನಾರತೊಡಗಿದರೆ ತಡಮಾಡದೆ ಹೊರತೆಗೆಯಬೇಕು, ಇಲ್ಲದಿದ್ದರೆ ತೊಟ್ಟಿಯ ನೀರೇ ಕೆಡುತ್ತದೆ.

ನಾನು ಸಿಕ್ಕಿಕೊಂಡಿರುವುದು ಒಂದೇ ಕಡೆ. ಪಾದ ಕಲ್ಲನ್ನು ‘ಕಚ್ಚಿಕೊಂಡಿದೆ’ ಎನ್ನುತ್ತೇನೆ. ಬಾಯಿಯ ಸುತ್ತಲಿನ ಕರಬಳ್ಳಿಗಳು ಆಹಾರ ತಾಗಿದೊಡನೆ ಅದನ್ನು ಹಿಡಿಯುವ ಗುಣಕ್ಕೆ ಏನನ್ನಲಿ? ‘ಜಿಗುಟು’ ಎಂದರೆ ಲೋಳೆ ನೆನಪಾಗುತ್ತದೆ, ಲೋಳೆ ಸುರಿಸುವುದು ಬಳಲಿದ ಅನಿಮೋನ್. ‘ಅಂಟು’ ಎಂದರೆ ಗೋಂದಾಯಿತು. ಕಾರವಾರ, ಅಂಕೋಲಾ ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ: ಕಡಲಬಂಡೆಯ ಸಂದಿನಲ್ಲಿ ಈ ಜೀವಿ ಬೆರಳನ್ನು ಹಿಡಿದುಕೊಳ್ಳುವುದಕ್ಕೆ ನಿಮ್ಮಲ್ಲಿ ಮೀನುಗಾರರು ಯಾವ ಮಾತನ್ನು ಬಳಸುತ್ತಾರೆ?