ಪದಚರ್ಚೆ: ‘ಇಬ್ಬಂದಿ’ಗೂ ‘ಇಬ್ಬಂದಿತನ’ಕ್ಕೂ ಎಷ್ಟು ದೂರ?

ಎಲ್ಲರಿಗೂ ನಮಸ್ಕಾರ.

ಆಟಗಾರರ ನಿಲುವಿಗೂ ಅವರ ಸಂಬಳಕ್ಕೂ ನಡೆಯುವ ಜಗಳದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲಸ ಒಂದು ಪದದ ಹತ್ತಿರ ಬಂದು ನಿಂತಿದೆ. ‘ಇಬ್ಬಂದಿಗೆ ಸಿಕ್ಕ’ ಅಂದರೆ ಇಕ್ಕಟ್ಟಿಗೆ ಸಿಕ್ಕ, ಯಾವ ಕಡೆ ಹೋಗುವುದೋ ತೋಚದಾದ ಎಂದು ಅರ್ಥ. ಅದೇ ‘ಇಬ್ಬಂದಿತನ’ ಎಂದ ಕೂಡಲೇ ಪತ್ರಿಕೆ ಓದುವವರ ಕಿವಿಗೆ ಬೈಗುಳದ ಹಾಗೆ ಕೇಳಿಸುತ್ತದೆ: ‘ಸರ್ಕಾರದ ಇಬ್ಬಂದಿತನ’, ‘ವಿರೋಧ ಪಕ್ಷದ ಇಬ್ಬಂದಿತನ’. ಮೊದಲನೆಯದರಲ್ಲಿ ಮನುಷ್ಯ ಪಾಪದವನು, ಎರಡನೆಯದರಲ್ಲಿ ಕಪಟಿ. ನನಗೆ ಬೇಕಾದದ್ದು ಇವೆರಡರ ನಡುವಿನ ಜಾಗ.

ಸಂದರ್ಭ ಹೇಳಿಬಿಡುತ್ತೇನೆ. ಜೋರ್ಡನ್ ಹೆಂಡರ್ಸನ್ 2015ರಿಂದ 2023ರವರೆಗೆ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದ. 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದ, ಮರುವರ್ಷ 30 ವರ್ಷದ ಬರ ನೀಗಿಸಿ ಇಂಗ್ಲೆಂಡಿನ ಲೀಗ್ ಪಟ್ಟ ತಂದ. ಪ್ರೀಮಿಯರ್ ಲೀಗಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಬೆಂಬಲವಾಗಿ ಆಟಗಾರರು ಕಾಮನಬಿಲ್ಲಿನ ಬಣ್ಣದ ಶೂ ಲೇಸ್ ಕಟ್ಟಿಕೊಂಡು, ಕ್ಯಾಪ್ಟನ್‌ಗಳು ಅದೇ ಬಣ್ಣದ ತೋಳಪಟ್ಟಿ ತೊಟ್ಟು ಆಡುವ ಅಭಿಯಾನವೊಂದಿತ್ತು. ಕಟ್ಟು ಅಂದರು, ಕಟ್ಟಿದೆ ಎನ್ನುವವರೇ ಹೆಚ್ಚು. ಹೆಂಡರ್ಸನ್ ಮಾತ್ರ ಬಾಯಿಬಿಟ್ಟು ಮಾತಾಡಿದ, ಪಂದ್ಯದ ದಿನದ ಪುಸ್ತಿಕೆಯಲ್ಲಿ ಬರೆದ. ಲೈಂಗಿಕ ಅಲ್ಪಸಂಖ್ಯಾತ ಅಭಿಮಾನಿಗಳು ಇವನು ನಮ್ಮವನು ಎಂದೇ ತಿಳಿದಿದ್ದರು.

2023ರ ಜುಲೈನಲ್ಲಿ ಆತ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿರುವ ಅಲ್-ಇತ್ತಿಫಾಕ್ ಕ್ಲಬ್‌ಗೆ ಹೋದ. ಕೋಚ್ ಹಳೆಯ ಲಿವರ್‌ಪೂಲ್ ಕ್ಯಾಪ್ಟನ್ ಸ್ಟೀವನ್ ಜೆರಾರ್ಡ್. ಸಂಬಳ ವಾರಕ್ಕೆ 3.5 ಲಕ್ಷ ಪೌಂಡ್ ಎಂದು ಬ್ರಿಟಿಷ್ ಪತ್ರಿಕೆಗಳು ಬರೆದವು. ಆ ದೇಶದಲ್ಲಿ ಸಲಿಂಗ ಸಂಬಂಧ ಅಪರಾಧ, ಮರಣದಂಡನೆಯವರೆಗೂ ಶಿಕ್ಷೆಗೆ ಅವಕಾಶವಿದೆ. ಹೊಸ ಕ್ಲಬ್ ಆತನನ್ನು ಪರಿಚಯಿಸಲು ಹೊರಡಿಸಿದ ವಿಡಿಯೊದಲ್ಲಿ ಅದೇ ತೋಳಪಟ್ಟಿ ತೊಟ್ಟ ಹಳೆಯ ಫೋಟೊ ಒಂದಿತ್ತು. ಆದರೆ ಕಪ್ಪು ಬಿಳುಪಿಗೆ ತಿರುಗಿಸಿದ್ದರು. ಕಾಮನಬಿಲ್ಲು ಬರೀ ಬೂದಿ ಬಣ್ಣದ ಪಟ್ಟಿಯಾಗಿತ್ತು. ಲೇಖನದಲ್ಲಿ ಇದೊಂದನ್ನೇ ಬರೆದು ಸುಮ್ಮನಾದರೂ ಸಾಕೇನೋ.

ಸುಮ್ಮನಾಗಲು ಸಂಪಾದಕರು ಬಿಡುವುದಿಲ್ಲ, ಒಂದು ಪದ ಬೇಕು ಅನ್ನುತ್ತಾರೆ. ‘ಆಷಾಢಭೂತಿ’ ಎಂದರೆ ಒಳಗೊಂದು ಹೊರಗೊಂದು ಇಟ್ಟುಕೊಂಡು ಮೊದಲಿನಿಂದಲೇ ನಟಿಸಿದವನು. ಹೆಂಡರ್ಸನ್ ನಟಿಸಿದ ಎನ್ನಲು ನನ್ನ ಹತ್ತಿರ ಆಧಾರವಿಲ್ಲ. ‘ಸೋಗಲಾಡಿ’ಗೂ ಇದೇ ತೊಡಕು. ‘ಮಾತಿಗೆ ತಪ್ಪಿದ’ ಎನ್ನೋಣವೆಂದರೆ ಸೌದಿಗೆ ಹೋಗುವುದಿಲ್ಲ ಎಂದು ಆತ ಯಾರಿಗೂ ಮಾತು ಕೊಟ್ಟಿರಲಿಲ್ಲ. ಗೆಳೆಯರೊಬ್ಬರು ‘ಅತ್ತ ದರಿ ಇತ್ತ ಪುಲಿ’ ಹಾಕಿ ಅಂದರು. ಅಲ್ಲಾ ಸ್ವಾಮಿ, ದರಿ ಇತ್ತು ಅನ್ನೋಣ, ಲಿವರ್‌ಪೂಲ್‌ನಲ್ಲಿ ಇನ್ನು ಆಡಲು ಅವಕಾಶ ಕಡಿಮೆ ಎಂಬ ಸೂಚನೆ ಸಿಕ್ಕಿತ್ತೆಂದು ಆತನೇ ಹೇಳಿದ್ದಾನೆ. ಇತ್ತ ಇದ್ದದ್ದು ಪುಲಿಯಲ್ಲವಲ್ಲ, ಹಣದ ಥೈಲಿ!

ನಿಜವಾದ ಇಬ್ಬಂದಿ ಹೇಗಿರುತ್ತದೆ ಎಂಬುದಕ್ಕೆ ಎಂಟು ತಿಂಗಳ ಹಿಂದಿನ ಕತಾರ್ ವಿಶ್ವಕಪ್ ಇದೆ. ಇಂಗ್ಲೆಂಡ್ ಸೇರಿ ಯುರೋಪಿನ ಏಳು ತಂಡಗಳ ಕ್ಯಾಪ್ಟನ್‌ಗಳು ತಾರತಮ್ಯ ಬೇಡ ಎಂದು ಸಾರುವ ‘ಒನ್ ಲವ್’ ತೋಳಪಟ್ಟಿ ತೊಡಲು ಹೊರಟಿದ್ದರು. ತೊಟ್ಟು ಇಳಿದರೆ ಹಳದಿ ಕಾರ್ಡ್ ಬಿದ್ದೀತು ಎಂದು ಫಿಫಾ ಬೆದರಿಸಿತು. ಎಲ್ಲರೂ ಬಿಚ್ಚಿಟ್ಟರು. ಅಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಹ್ಯಾರಿ ಕೇನ್ ‘ಇಬ್ಬಂದಿಗೆ ಸಿಕ್ಕ’ ಎಂದರೆ ಕೈ ತಡೆಯುವುದಿಲ್ಲ, ಯಾಕೆಂದರೆ ಇಕ್ಕಟ್ಟನ್ನು ತಂದಿಟ್ಟದ್ದು ಬೇರೆಯವರು. ಹೆಂಡರ್ಸನ್ ವಿಷಯದಲ್ಲಿ ಯಾರೂ ತಂದಿಡಲಿಲ್ಲ. ತಾನೇ ನಡೆದುಕೊಂಡು ಹೋಗಿ ಸಿಕ್ಕಿಕೊಂಡವನನ್ನು ‘ಸಿಕ್ಕಿದ’ ಎಂದು ಬರೆದರೆ ಅರ್ಧ ಕ್ಷಮಿಸಿದಂತಾಗುತ್ತದೆ.

‘ತನ’ ಪ್ರತ್ಯಯವೇ ಬೈಗುಳ ತರುತ್ತದೆ ಅನ್ನೋಣವೆಂದರೆ ಅದೂ ನಿಲ್ಲುವುದಿಲ್ಲ. ಕಳ್ಳತನ, ಸೋಮಾರಿತನ ಮನುಷ್ಯನ ಮೇಲೆ ಹೊರಿಸುವಂಥವು, ಸರಿ. ಬಡತನ, ಒಂಟಿತನಗಳು ಯಾರ ತಪ್ಪೂ ಅಲ್ಲದೆ ಬಂದೆರಗುವ ಸ್ಥಿತಿಗಳು. ಹಾಗಾದರೆ ಇಬ್ಬಂದಿತನವನ್ನು ಒಂಟಿತನದ ಸಾಲಿನಲ್ಲಿ ಕೂರಿಸದೆ ಸೋಮಾರಿತನದ ಸಾಲಿಗೆ ತಳ್ಳಿದ್ದು ರಾಜಕೀಯ ವರದಿಗಾರಿಕೆಯೇ ಎಂಬುದು ನನ್ನ ಗುಮಾನಿ. ಹಳೆಯ ಬರಹಗಳಲ್ಲಿ ‘ಮನಸ್ಸಿನ ಇಬ್ಬಂದಿತನ’ ಎಂಬ ಧಾಟಿಯ ಬಳಕೆ ಕಂಡವರಿದ್ದರೆ ದಯವಿಟ್ಟು ವಾಕ್ಯ ಸಮೇತ ಕಳಿಸಿ.

ಕರಾವಳಿಯವರು ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ನಾನೇ ಎತ್ತಿಬಿಡುತ್ತೇನೆ. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳು ದಮ್ಮಾಮ್, ಜುಬೈಲ್‌ನಿಂದ ಬಂದ ದುಡ್ಡಿನಲ್ಲಿ ಎದ್ದಿವೆ. ನಮ್ಮವರು ಹೋದರೆ ಹೊಟ್ಟೆಪಾಡು, ಆತ ಹೋದರೆ ಇಬ್ಬಂದಿತನವೇ? ನ್ಯಾಯವಾದ ಪ್ರಶ್ನೆ. ಆದರೆ ಹೊಟ್ಟೆಪಾಡು ಎಂಬ ಪದಕ್ಕೆ ಹೊಟ್ಟೆ ಖಾಲಿ ಇರಬೇಕು. ಮೇಲಾಗಿ ನಮ್ಮ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳು ಯಾರ ಪರವಾಗಿಯೂ ತೋಳಿಗೆ ಪಟ್ಟಿ ಕಟ್ಟಿ ಹೊರಟವರಲ್ಲ.

ಇದರ ಜೊತೆಗೇ ಇನ್ನೊಂದು ತೊಡಕು. ಇಂಗ್ಲೆಂಡ್ ತಂಡದ ಲೈಂಗಿಕ ಅಲ್ಪಸಂಖ್ಯಾತ ಅಭಿಮಾನಿಗಳ ಬಳಗವೊಂದು, ಹೆಂಡರ್ಸನ್ ಆಡುವಾಗ ಅವನತ್ತ ನೋಡದೆ ತಿರುಗಿ ನಿಲ್ಲುತ್ತೇವೆ ಎಂದು ಸಾರಿತ್ತು. ಇದನ್ನು ‘ಬೆನ್ನು ತೋರಿಸುತ್ತೇವೆ’ ಎಂದು ಬರೆದರೆ ಕೆಟ್ಟಿತು, ಕನ್ನಡದಲ್ಲಿ ಬೆನ್ನು ತೋರಿಸುವವನು ರಣಹೇಡಿ. ‘ಮುಖ ತಿರುಗಿಸಿದರು’ ಸರಿಹೋಗುತ್ತದೆ, ಆದರೆ ಅದರಲ್ಲಿ ಮುನಿಸು ಇದೆ, ಪ್ರತಿಭಟನೆ ಇಲ್ಲ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಪಂದ್ಯದಲ್ಲಿ ತನ್ನದೇ ದೇಶದ ಪ್ರೇಕ್ಷಕರು ಆತನನ್ನು ಕೂಗಿ ಹಂಗಿಸಿದರು. ಅದಕ್ಕೆ ಪದದ ಬರವಿಲ್ಲ.

ಆತ ಸೌದಿಯಲ್ಲಿ ಇದ್ದದ್ದು ಆರು ತಿಂಗಳು. 2024ರ ಜನವರಿಯಲ್ಲಿ ಆಮ್ಸ್‌ಟರ್‌ಡಾಮ್‌ನ ಅಯಾಕ್ಸ್ ಸೇರಿದ. ಯಾರನ್ನೂ ನೋಯಿಸುವ ಉದ್ದೇಶ ನನ್ನದಾಗಿರಲಿಲ್ಲ ಎಂಬುದು ಅವನ ಮಾತು. ಇರಬಹುದು.

ಸದ್ಯಕ್ಕೆ ನಾನು ಬರೆದಿಟ್ಟಿರುವ ವಾಕ್ಯ ಹೀಗಿದೆ: ‘ಲೈಂಗಿಕ ಅಲ್ಪಸಂಖ್ಯಾತರ ಒತ್ತಾಸೆಗೆ ನಿಂತಿದ್ದ ಹೆಂಡರ್ಸನ್, ತಾನೇ ಬರಮಾಡಿಕೊಂಡ ಇಬ್ಬಂದಿಯಲ್ಲಿ ದುಡ್ಡಿನ ಕಡೆ ವಾಲಿದ.’ ಇದನ್ನು ಓದಿದಾಗ ನಿಮಗೆ ಆತನ ಮೇಲೆ ಕನಿಕರ ಬರುತ್ತದೆಯೋ ಸಿಟ್ಟು ಬರುತ್ತದೆಯೋ ತಿಳಿಸಿ. ಎರಡೂ ಸ್ವಲ್ಪ ಸ್ವಲ್ಪ ಬಂದರೆ ವಾಕ್ಯವನ್ನು ಹೀಗೇ ಬಿಡುತ್ತೇನೆ. ‘ಒತ್ತಾಸೆ’ ಉತ್ತರ ಕರ್ನಾಟಕದ ಓದುಗರಿಗೆ ಥಟ್ಟನೆ ಅರ್ಥವಾಗುತ್ತದೆಯೇ, ‘ಬೆಂಬಲ’ ಸಾಕೇ ಎಂಬುದನ್ನೂ ಧಾರವಾಡ, ಕಲಬುರಗಿ ಕಡೆಯವರು ಹೇಳಬೇಕು.